ಕಣ್ಣಿಗೆ ಹಬ್ಬ ಸರಿ, ಆದರೆ ಈ ಸಿನಿಮಾಗಳಲ್ಲಿ ನಟರು ಏನು ಮಾಡ್ತಾರೆ?

ಕೌಲ್‌ಬಜಾರ್ ಕೂಲರ್, ಬಳ್ಳಾರಿ:

ಬಿಸಿಲಿಗೆ ಹೆದರಿ ಹೊರಗೆ ಕಾಲಿಡದೆ ಈ ತಿಂಗಳು ಮನೆಯಲ್ಲೇ ಮೂರು ಸಿನಿಮಾ ನೋಡಿದೆ. ‘ಬ್ಯಾರಿ ಲಿಂಡನ್’, ‘ಇನ್ ದಿ ಮೂಡ್ ಫಾರ್ ಲವ್’, ‘ದಿ ಫಾಲ್’. ಎಲ್ಲಿ ನಿಲ್ಲಿಸಿದರೂ ಕ್ಯಾಲೆಂಡರ್ ಮಾಡಿ ಗೋಡೆಗೆ ನೇತು ಹಾಕಬಹುದು, ಅಷ್ಟು ಚೆಂದ. ನನ್ನ ತಕರಾರು ನಟರ ಬಗ್ಗೆ. ಬ್ಯಾರಿ ಲಿಂಡನ್‌ನಲ್ಲಿ ಮೇಣದಬತ್ತಿ ಬೆಳಕಲ್ಲಿ ಇಸ್ಪೀಟ್ ಆಡುವ ಸೀನ್ ಇದೆಯಲ್ಲ, ಎಲ್ಲರೂ ಮುಖಕ್ಕೆ ಬಿಳಿ ಬಳಿದುಕೊಂಡು ಬಟ್ಟೆ ಅಂಗಡಿ ಗೊಂಬೆಗಳ ಹಾಗೆ ಕೂತಿದ್ದಾರೆ. ಅಮ್ಮ ಅಡುಗೆಮನೆಯಿಂದ ಬಂದು ಎರಡು ನಿಮಿಷ ನಿಂತು, “ಇವರೇನು ಟೂ ಬಿಟ್ಟಿದ್ದಾರಾ, ಒಬ್ಬರೂ ಮಾತಾಡ್ತಿಲ್ಲ” ಅಂತ ಹೋದರು. ದಿ ಫಾಲ್‌ನಲ್ಲಿ ಆಸ್ಪತ್ರೆಯಲ್ಲಿ ಕೂತು ಕಥೆ ಕೇಳುವ ಆ ಪುಟ್ಟ ಹುಡುಗಿ ಇರುವ ತನಕ ಜೀವ ಇರುತ್ತದೆ, ಕಥೆ ಆಸ್ಪತ್ರೆ ಬಿಟ್ಟು ಮರಳುಗಾಡಿಗೆ ಹೋದ ಕೂಡಲೇ ಮತ್ತೆ ಬರೀ ಬಣ್ಣ, ಬಟ್ಟೆ, ಕುದುರೆ.

“ನಿಮಗೆ ಅರ್ಥ ಆಗಿಲ್ಲ” ಅಂತ ಮಾತ್ರ ಹೇಳಬೇಡಿ. ನಿಜವಾಗಿಯೂ ಕೇಳುತ್ತಿದ್ದೇನೆ. ಇಂಥ ಸಿನಿಮಾದಲ್ಲಿ ನಟನೆ ಅಂತ ಯಾವುದನ್ನು ನೋಡಬೇಕು?

ಫ್ಲಾಶ್ ಬೇಡ, ರಾಯಚೂರು:

ನಾನು ಮದುವೆ ಫೋಟೋ ತೆಗೆಯುವವನು, ಹಾಗಾಗಿ ಲೆನ್ಸ್ ಕಡೆಯಿಂದ ಹೇಳುತ್ತೇನೆ. ಆ ಇಸ್ಪೀಟ್ ಸೀನ್‌ಗೆ ನಿರ್ದೇಶಕ ಕುಬ್ರಿಕ್ ಬಳಸಿದ್ದು ಝೈಸ್ ಕಂಪನಿ ನಾಸಾಗೆ ಅಂತ ಮಾಡಿಕೊಟ್ಟಿದ್ದ 50 ಎಂಎಂ ಲೆನ್ಸ್, ಎಫ್ 0.7. ಈ ಎಫ್ ನಂಬರ್ ಸಣ್ಣದಾದಷ್ಟೂ ಲೆನ್ಸ್ ಒಳಗೆ ಬೆಳಕು ಜಾಸ್ತಿ. ಮೇಣದಬತ್ತಿ ಬೆಳಕು ಸಾಕಾಗುತ್ತದೆ ನಿಜ, ಆದರೆ ಫೋಕಸ್ ಸಿಗುವ ಜಾಗ ತೀರಾ ತೆಳು. ನನ್ನ ಹತ್ತಿರ ಇರುವ 1.8 ಲೆನ್ಸಿನಲ್ಲೇ ಕಳೆದ ವರ್ಷ ಮದುಮಗಳು ದೀಪ ಹಚ್ಚುವಾಗ ಸ್ವಲ್ಪ ಬಾಗಿದಳು ನೋಡಿ, ಮೂಗುತಿ ಚೊಕ್ಕ ಬಂತು, ಕಣ್ಣು ಮಸುಕು. ಅವರಪ್ಪನ ಹತ್ತಿರ ಇನ್ನೂ ಬೈಸಿಕೊಳ್ಳುತ್ತಿದ್ದೇನೆ. 0.7 ಅಂದರೆ ಲೆಕ್ಕ ಹಾಕಿ. ಅದಕ್ಕೇ ಆ ನಟರು ಅಲ್ಲಾಡುವ ಹಾಗಿರಲಿಲ್ಲ.

ಅಲ್ಲಾಡದೆ ಏನು ಮಾಡಿದರು ಅಂತ ನೋಡಿ. ಮೇಜಿನ ಆ ಕಡೆ ಲೇಡಿ ಲಿಂಡನ್, ಈ ಕಡೆ ಬ್ಯಾರಿ. ಯಾರು ಮೊದಲು ಕಣ್ಣು ಎತ್ತುತ್ತಾರೆ, ಎಷ್ಟು ಹೊತ್ತು ಇಳಿಸುವುದಿಲ್ಲ, ಅಷ್ಟೇ. ಹಾಂ, ಟಿವಿಯಲ್ಲಿ ನೋಡಿದ್ದರೆ ಪಿಕ್ಚರ್ ಸೆಟ್ಟಿಂಗ್ ಒಮ್ಮೆ ತೆಗೆದು ನೋಡಿ. ಬಣ್ಣ ಜಾಸ್ತಿ ಮಾಡುವ ‘ವಿವಿಡ್’ ಆನ್ ಇದ್ದರೆ ಮುಖಗಳೆಲ್ಲ ಪ್ಲಾಸ್ಟಿಕ್ಕೇ.

ಖಡಕ್ ರೊಟ್ಟಿ, ಸಿಂಧನೂರು:

ಅಣ್ಣಾ, ಮಸುಕಾಗುತ್ತದೆ ಅಂತ ಸುಮ್ನೆ ಕೂತಿದ್ದನ್ನು ನಟನೆ ಅಂದರೆ ಹೇಗೆ? ಅದು ಕ್ಯಾಮೆರಾದವನ ತೊಂದರೆ. ಮೂರು ಗಂಟೆ ಮೇಲಿನ ಸಿನಿಮಾ, ನಾನು ಅರ್ಧಕ್ಕೇ ಮಲಗಿದೆ.

ದಿ ಫಾಲ್ ಮಾತ್ರ ಒಪ್ಪುತ್ತೇನೆ. ಅದನ್ನು ಮಾಡಿದ ತರ್ಸೇಮ್ ಸಿಂಗ್ ಜಲಂಧರ್‌ನವನು, ತನ್ನ ಸ್ವಂತ ದುಡ್ಡು ಸುರಿದು ಇಪ್ಪತ್ತಕ್ಕೂ ಜಾಸ್ತಿ ದೇಶ ಸುತ್ತಿದ. ಆ ದೊಡ್ಡ ಮೆಟ್ಟಿಲು ಬಾವಿ ರಾಜಸ್ಥಾನದ ಆಭಾನೇರಿಯದ್ದು, ಸೆಟ್ ಅಲ್ಲ. ಆದರೆ ಜೀವ ಇರುವುದು ಆಸ್ಪತ್ರೆ ಮಂಚದ ಹತ್ತಿರವೇ. ನಾಯಕ ಲೀ ಪೇಸ್‌ಗೆ ನಿಜವಾಗಿಯೂ ನಡೆಯಲು ಬರುವುದಿಲ್ಲ ಅಂತ ಆ ಹುಡುಗಿಗೂ, ಸೆಟ್‌ನಲ್ಲಿದ್ದ ಬಹಳ ಜನಕ್ಕೂ ನಂಬಿಸಿದ್ದರು. ರೊಮೇನಿಯಾದ ಆರು ವರ್ಷದ ಹುಡುಗಿ, ಇಂಗ್ಲಿಷ್ ಅರೆಬರೆ. ಅವಳು ತಪ್ಪು ಕೇಳಿಸಿಕೊಂಡಿದ್ದೇ ಕಥೆಯೊಳಗೆ ಸೇರಿಕೊಂಡಿತು. ಅವಳಿಗೆ ಅದು ಸಿನಿಮಾನೇ ಅಲ್ಲ, ಇನ್ನು ಜೀವ ಬರದೆ ಇರುತ್ತದಾ?

ಭುಜಕೀರ್ತಿ, ಕೊಪ್ಪಳ:

ನಮ್ಮಪ್ಪ ದೊಡ್ಡಾಟದಲ್ಲಿ ಪಾರ್ಟು ಮಾಡುತ್ತಿದ್ದರು. ಕಿರೀಟ, ಭುಜಕೀರ್ತಿ ಕಟ್ಟಿದ ಮೇಲೆ ಕುತ್ತಿಗೆ ಒಂದೇ ತಿರುಗಿಸಲು ಆಗುವುದಿಲ್ಲ, ಇಡೀ ಮೈ ತಿರುಗಬೇಕು, “ಹಂಗ ತಿರುಗಿದಾಗಲೇ ನಾನು ರಾಜ ಆಗೋದು” ಅನ್ನುತ್ತಿದ್ದರು. ಹಾಂಗ್‌ಕಾಂಗ್‌ನ ಇನ್ ದಿ ಮೂಡ್ ಫಾರ್ ಲವ್ ನೋಡುವಾಗ ನನಗೆ ಅದೇ ನೆನಪಾಯಿತು. ನಾಯಕಿ ಮ್ಯಾಗಿ ಚೆಯುಂಗ್ ಹಾಕಿರುವ ಆ ಚೀನೀ ಉಡುಪಿಗೆ ಕಾಲರ್ ಗಲ್ಲದ ತನಕ ಇದೆ, ಮೈಗೆ ಅಂಟಿದ ಹೊಲಿಗೆ, ಉದ್ದ ಹೆಜ್ಜೆ ಹಾಕುವ ಹಾಗಿಲ್ಲ. ನೂಡಲ್ಸ್ ತರಲು ಡಬ್ಬಿ ಹಿಡಿದು ಮೆಟ್ಟಿಲು ಇಳಿಯುತ್ತಾಳಲ್ಲ, ಅಲ್ಲಿ ಮುಖ ಬಿಡಿ, ಬೆನ್ನು ನೋಡಿ. ಗಂಡ ಮನೆಯಲ್ಲಿಲ್ಲ, ಒಬ್ಬಳಿಗೆ ಅಡುಗೆ ಮಾಡಲು ಮನಸ್ಸಿಲ್ಲ, ಆದರೂ ಮದುವೆಗೆ ಹೊರಟ ಹಾಗೆ ಅಲಂಕಾರ. ಓಣಿಯವರ ಮುಂದೆ ಬಿಟ್ಟುಕೊಡಬಾರದು ಅನ್ನುವ ಹಟ ಇರುವ ಹೆಂಗಸರು ನಮ್ಮ ಓಣಿಯಲ್ಲೂ ಇದ್ದಾರೆ, ಇಸ್ತ್ರಿ ಸೀರೆ ಉಟ್ಟೇ ನಲ್ಲಿ ಹತ್ತಿರ ಬರುವವರು.

ಪೂರ್ತಿ ಸ್ಕ್ರಿಪ್ಟ್ ಕೈಗೆ ಸಿಗದೆ ಒಂದು ವರ್ಷಕ್ಕೂ ಜಾಸ್ತಿ ಶೂಟಿಂಗ್ ಮಾಡಿದ್ದಾರೆ ಅವರು. 2000ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ನಾಯಕ ಟೋನಿ ಲಿಯಾಂಗ್‌ಗೆ ನಟನ ಪ್ರಶಸ್ತಿ ಬಂತು. ನನ್ನ ಕೇಳಿದರೆ ಅದರಲ್ಲಿ ಅರ್ಧ ಅವಳ ಬೆನ್ನಿಗೆ ಸೇರಬೇಕು.

ಮುಳುಗಡೆ ಮೊಮ್ಮಗ, ಮುನಿರಾಬಾದ್:

ಹಾಂಗ್‌ಕಾಂಗ್ ತನಕ ಯಾಕೆ, ಕಾಸರವಳ್ಳಿಯವರ ‘ದ್ವೀಪ’ ನೋಡಿ, 2002ರದ್ದು, ಅಣೆಕಟ್ಟಿನ ನೀರಲ್ಲಿ ಮುಳುಗುವ ಊರಿನ ಕಥೆ. ರಾಮಚಂದ್ರ ಹಾಲ್ಕೆರೆಗೆ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ನಮ್ಮಜ್ಜಿಯ ಊರು ತುಂಗಭದ್ರಾ ಡ್ಯಾಮ್ ನೀರಲ್ಲಿ ಹೋಗಿದ್ದು, ಅದಕ್ಕೇ ನನಗೆ ಸ್ವಲ್ಪ ಪಕ್ಷಪಾತ ಇದೆ, ಇರಲಿ. ಮಳೆ, ಹಸಿರು, ಏರುವ ನೀರು ಎಷ್ಟು ಚೆಂದ ಅಂದರೆ ಅದು ಮನೆ ನುಂಗಲು ಬರುತ್ತಿದೆ ಅನ್ನುವುದೇ ಮರೆತುಹೋಗುತ್ತದೆ. ಮರೆಯಲು ಬಿಡದವಳು ನಟಿ ಸೌಂದರ್ಯ. ನೀವು ಹಾಡುಗಳಲ್ಲಿ ನೋಡಿದ ಸೌಂದರ್ಯ ಅಲ್ಲ ಇವಳು.

ಕೌಲ್‌ಬಜಾರ್ ಕೂಲರ್, ಬಳ್ಳಾರಿ:

ರಾಯಚೂರಣ್ಣ, ವಿವಿಡ್ ಆನ್ ಇತ್ತು! ಅಂಗಡಿ ಹುಡುಗ ಟಿವಿ ಕೂರಿಸಿದ ದಿನದಿಂದಲೂ. ಆಫ್ ಮಾಡಿ ನಿನ್ನೆ ರಾತ್ರಿ ಇಸ್ಪೀಟ್ ಸೀನ್ ಮತ್ತೆ ಹಾಕಿದೆ. ನನಗೆ ಈ ಸಲವೂ ಅರ್ಧಂಬರ್ಧ. ಅಷ್ಟರಲ್ಲಿ ಅಮ್ಮ ಕೊತ್ತಂಬರಿ ಬಿಡಿಸುತ್ತಾ ಬಂದು ಪಕ್ಕದಲ್ಲಿ ಕೂತರು. ಅವರಿಗೆ ಇಂಗ್ಲಿಷ್ ಬರಲ್ಲ, ಕೆಳಗೆ ಬರುವ ಅಕ್ಷರ ಓದೋದಿಲ್ಲ. ಒಂದು ನಿಮಿಷ ನೋಡಿ, “ಅವಳಿಗೆ ಗಂಡ ಇದ್ದಾನೆ ಅಲ್ವಾ?” ಅಂದರು. ಹೌದು ಅಂದೆ. “ಪಕ್ಕದಲ್ಲಿ ಕೂತಿರೋ ಆಯಪ್ಪನಿಗೆ ಗೊತ್ತಾಗಿಹೋಯ್ತು ನೋಡು” ಅಂದರು. ನಾನು ಆ ಪಾದ್ರಿಯನ್ನು ಎರಡು ಸಲವೂ ನೋಡಿಯೇ ಇರಲಿಲ್ಲ.

ಇವತ್ತು ದ್ವೀಪ ಹಾಕುತ್ತೇವೆ, ಕರೆಂಟ್ ಇದ್ದರೆ.