ಖಿನ್ನತೆಯ ಜೀನ್ ಇದೆಯೇ ಎಂದು ಎಂಜಲಿನ ಪರೀಕ್ಷೆಯಿಂದ ತಿಳಿಯಬಹುದೇ?

ಪ್ರಶ್ನೆ (ಶ್ರೀನಿವಾಸಪುರದಿಂದ)

ನಮ್ಮ ಅಜ್ಜಿ ಮಾವಿನ ಸುಗ್ಗಿಯ ಗಡಿಬಿಡಿಯಲ್ಲೂ ವಾರಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಅಮ್ಮನಿಗೂ ಖಿನ್ನತೆಯೆಂದು ವೈದ್ಯರು ಎರಡು ವರ್ಷ ಮಾತ್ರೆ ಕೊಟ್ಟರು. ಈಗ ತಂಗಿಗೆ ಬಂದ ಸಂಬಂಧವೊಂದು, "ಅದು ಆ ಮನೆತನದಲ್ಲೇ ಇದೆಯಂತೆ" ಎಂಬ ಮಾತಿನಿಂದ ತಪ್ಪಿಹೋಯಿತು. ಎಂಜಲಿನ ಮಾದರಿ ಕಳುಹಿಸಿದರೆ ಖಿನ್ನತೆಯ ಜೀನ್ ಇದೆಯೋ ಇಲ್ಲವೋ ಹೇಳುತ್ತೇವೆಂಬ ಜಾಹೀರಾತನ್ನು ನೋಡಿದ ಅಣ್ಣ, ತಂಗಿಗೆ ಆ ಪರೀಕ್ಷೆ ಮಾಡಿಸಿ ಮುಂದೆ ಬರುವವರಿಗೆ ವರದಿಯನ್ನೇ ತೋರಿಸೋಣ ಎನ್ನುತ್ತಿದ್ದಾನೆ. ಇದರಲ್ಲಿ ಹುರುಳಿದೆಯೇ?

ಉತ್ತರ 1 (ಜೀವಶಾಸ್ತ್ರ ಉಪನ್ಯಾಸಕ, ಕೋಲಾರ)

ಹುರುಳಿಲ್ಲ. ಒಂದು ಕಾಲಕ್ಕೆ ಇದೆಯೆಂದು ನಾವೂ ನಂಬಿದ್ದೆವು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಹುಟ್ಟಿದಂದಿನಿಂದ ಗಮನಿಸುತ್ತ ಬಂದವರ ಮೇಲೆ ನಡೆದ ಅಧ್ಯಯನವೊಂದು, ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕವನ್ನು ಸಾಗಿಸುವುದಕ್ಕೆ ಸಂಬಂಧಿಸಿದ ಜೀನಿನ ಗಿಡ್ಡ ರೂಪ ಇರುವವರು ಬದುಕಿನ ಪೆಟ್ಟುಗಳಿಗೆ ಹೆಚ್ಚಾಗಿ ಖಿನ್ನರಾಗುತ್ತಾರೆಂದು 2003ರಲ್ಲಿ ಹೇಳಿತ್ತು. ನಾನೇ ಅದನ್ನು ಹಲವು ವರ್ಷ ತರಗತಿಯಲ್ಲಿ ಪಾಠ ಮಾಡಿದ್ದೇನೆ. 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯೊಡನೆ ಇಂತಹ 18 ಹೆಸರಾಂತ ಜೀನುಗಳನ್ನು ಒರೆಗೆ ಹಚ್ಚಿದಾಗ, ಅವು ಇತರ ಜೀನುಗಳಿಗಿಂತ ಯಾವ ರೀತಿಯಲ್ಲೂ ಹೆಚ್ಚಿನವಲ್ಲವೆಂದು ಕಂಡುಬಂತು. ಪಾಠದ ಟಿಪ್ಪಣಿಯ ಆ ಪುಟವನ್ನು ಹರಿದುಹಾಕಬೇಕಾಯಿತು.

ಹಾಗೆಂದು ವಂಶದ ಪಾಲು ಸುಳ್ಳಲ್ಲ. ಅವಳಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2000ದ ವಿಶ್ಲೇಷಣೆ ಅದನ್ನು ಸುಮಾರು ಶೇ. 37 ಎಂದು ಅಂದಾಜಿಸಿತು. ಇದು ಒಂದು ಸಮುದಾಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಲೆಕ್ಕವೇ ಹೊರತು, ನಿಮ್ಮ ತಂಗಿಗೆ ಖಿನ್ನತೆ ಬರುವ ಸಾಧ್ಯತೆಯ ಲೆಕ್ಕವಲ್ಲ. 2025ರಲ್ಲಿ 29 ದೇಶಗಳ 6.8 ಲಕ್ಷಕ್ಕೂ ಹೆಚ್ಚು ಖಿನ್ನತೆಯುಳ್ಳವರ ಮಾಹಿತಿಯನ್ನು ಜಾಲಾಡಿದಾಗ ಸಿಕ್ಕಿದ್ದು ಸುಮಾರು 700 ವಂಶವಾಹಿ ವ್ಯತ್ಯಾಸಗಳು. ಒಂದೊಂದರ ಪ್ರಭಾವವೂ ಸಾಸಿವೆಯಷ್ಟು. ಅವುಗಳನ್ನೆಲ್ಲ ಕೂಡಿಸಿ ಒಬ್ಬರಿಗೆ ಅಪಾಯ ಎಷ್ಟೆಂಬ ಅಂಕ ಕಟ್ಟಬಹುದು, ಆದರೆ ಆ ಮಾಹಿತಿಯ ಮುಕ್ಕಾಲು ಪಾಲು ಯೂರೋಪಿಯನ್ ಮೂಲದವರದು. ನಮ್ಮವರ ಮಟ್ಟಿಗೆ ಆ ಅಂಕ ಇನ್ನಷ್ಟು ಸಡಿಲ.

ಉತ್ತರ 2 (ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯಿಂದ)

ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ನಮ್ಮ ತಾಲ್ಲೂಕಿನಲ್ಲೇ 45 ದಾಟಿದವರ ರಕ್ತದ ಮಾದರಿ ಪಡೆದಿದ್ದಾರಲ್ಲ, ಅದರಿಂದ ಇದು ತಿಳಿಯುವುದಿಲ್ಲವೇ?

ಉತ್ತರ 3 (ಉತ್ತರ 1 ಬರೆದವರು)

ಅದರ ಮುಖ್ಯ ಗುರಿ ಮುಪ್ಪು ಮತ್ತು ಮರೆಗುಳಿತನ. ನಮ್ಮ ಹಳ್ಳಿಗರ ವಂಶವಾಹಿ ಮಾಹಿತಿ ಕೂಡಿಬರುವುದು ದೊಡ್ಡ ಮಾತೇ, ಆದರೆ ಹೆಣ್ಣು ನೋಡಲು ಬಂದವರ ಮುಂದಿಡುವ ಪ್ರಮಾಣಪತ್ರ ಅದರಿಂದ ಸಿಗುವುದಿಲ್ಲ.

ಉತ್ತರ 4 (ಶುಶ್ರೂಷಕಿ, ಮುಳಬಾಗಿಲು)

ತಾಯಿಗೆ ಖಿನ್ನತೆಯಿದ್ದರೆ ಮಕ್ಕಳಿಗೆ ಅಪಾಯ ಎರಡು-ಮೂರು ಪಟ್ಟು ಎಂಬುದು ನಿಜವಾದರೂ ಅದು ಬಂದೇ ತೀರುತ್ತದೆಂದೇನಿಲ್ಲ. ವರದಿಗಿಂತ ಅಮ್ಮನ ಹಳೆಯ ಔಷಧ ಚೀಟಿಗಳನ್ನು ಜೋಪಾನ ಮಾಡಿ. ಮುಂದೆಂದಾದರೂ ತಂಗಿಗೆ, ವಿಶೇಷವಾಗಿ ಬಾಣಂತನದಲ್ಲಿ, ನಿದ್ದೆ ಕೆಟ್ಟು ಮನಸ್ಸು ಕುಗ್ಗಿದರೆ, ಅಮ್ಮನಿಗೆ ಯಾವ ಮಾತ್ರೆ ಹಿಡಿಸಿತ್ತೆಂಬುದು ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ ಕೇಳಿದವರು

ಚೀಟಿಗಳು ಅಮ್ಮನ ಟ್ರಂಕಿನಲ್ಲಿ, ಮದುವೆಯ ಸೀರೆಯ ಕೆಳಗೇ ಇದ್ದವು. ಎರಡರಲ್ಲಿ ಮಾತ್ರೆಯ ಹೆಸರು ಓದಲು ಬರುತ್ತದೆ, ಮೂರನೆಯದರ ಶಾಯಿ ಹರಡಿಹೋಗಿದೆ. ಪರೀಕ್ಷೆಯ ಹಣ ಕಟ್ಟಬೇಡವೆಂದು ಅಣ್ಣನಿಗೆ ಹೇಳಿದ್ದೇನೆ.