ಹೆಣ್ಣುಮಕ್ಕಳು ತೆಗೆದ ಚಿತ್ರಗಳನ್ನು ನಮ್ಮ ಓಣಿಯವರಿಗೆ ಹೇಗೆ ತೋರಿಸಲಿ?

ಕೇಳಿದವರು, ಹುಬ್ಬಳ್ಳಿ

ನಮ್ಮ ಓಣಿಯ ಇಪ್ಪತ್ತು ಇಪ್ಪತ್ತೈದು ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಒಂದೊಂದು ಮನೆಯಲ್ಲಿ ಕೂಡುತ್ತೇವೆ. ಭಜನೆ, ಚೀಟಿ, ಚಹಾ, ಹರಟೆ. ಮುಂದಿನ ತಿಂಗಳು ನನ್ನ ಪಾಳಿ. ನಾಲ್ಕುನೂರು ವರ್ಷದ ಹಿಂದಿನಿಂದ ಈಚಿನವರೆಗೆ ಹೆಂಗಸರೇ ತೆಗೆದ ಚಿತ್ರಗಳನ್ನು ತೋರಿಸಬೇಕು ಅಂತ ಆಸೆ. ನಾನು ಬ್ಯಾಂಕಿನಲ್ಲಿ ಇದ್ದವಳು, ಚಿತ್ರಕಲೆ ಓದಿದವಳಲ್ಲ. ಮೊನ್ನೆ ಮನೆಯಲ್ಲಿ ಮೊಬೈಲಿನಲ್ಲಿ ತೋರಿಸಿ ನೋಡಿದೆ. ಅತ್ತೆ "ಛಂದ ಅದ" ಅಂದರು, ಬೆರಳಿನಿಂದ ಮುಂದೆ ಸರಿಸಿದರು. ಮತ್ತೆ "ಛಂದ ಅದ". 40 ಚಿತ್ರ ಹತ್ತು ನಿಮಿಷದಲ್ಲಿ ಮುಗಿದವು. ನಿಮ್ಮ ಮನಸ್ಸಿಗೆ ನಾಟಿದ ಚಿತ್ರ ಯಾವುದು? ಹೇಗೆ ತೋರಿಸಿದರೆ ಜನ ನಿಂತು ನೋಡುತ್ತಾರೆ?

ಧಾರವಾಡದಿಂದ, ಕಸೂತಿ ಕಲಿಸುವವಳು

ಅಕ್ಕಾರೇ, 40 ಬೇಡ. ನಾಲ್ಕು ಸಾಕು. ಮೊಬೈಲೂ ಬೇಡ.

ನಾನು ನನ್ನ ಆರು ಜನ ವಿದ್ಯಾರ್ಥಿನಿಯರಿಗೆ ಒಂದೇ ಒಂದು ಚಿತ್ರ ತೋರಿಸಿದ್ದೆ. ಹಾಲೆಂಡಿನ ಯೂಡಿತ್ ಲೇಸ್ಟರ್ 1631ರಲ್ಲಿ ತೆಗೆದದ್ದು. ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬಳು ಹೊಲಿಗೆ ಹಾಕುತ್ತ ಕೂತಿದ್ದಾಳೆ. ಚಳಿಗೆ ಕಾಲ ಕೆಳಗೆ ಕೆಂಡದ ಪೆಟ್ಟಿಗೆ. ಹಿಂದಿನಿಂದ ಒಬ್ಬ ಗಂಡಸು ಬಾಗಿ, ಹೆಗಲ ಮೇಲೆ ಕೈ ಇಟ್ಟು, ಇನ್ನೊಂದು ಅಂಗೈಯಲ್ಲಿ ನಾಣ್ಯ ಹಿಡಿದಿದ್ದಾನೆ. ಅವಳು ತಲೆಯನ್ನೇ ಎತ್ತಿಲ್ಲ. ಅಷ್ಟೇ ಚಿತ್ರ.

ನಾನು ಏನೂ ಹೇಳಲಿಲ್ಲ. ಒಬ್ಬ ಹುಡುಗಿ ಅಂದಳು, "ಎಳೆ ಎಣಿಸಾಕತ್ತಾಳ್ರಿ. ತಲಿ ಎತ್ತಿದ್ರ ಎಣಿಕಿ ತಪ್ಪತದ." ಇನ್ನೊಬ್ಬಳು, "ಇಲ್ಲ, ತಲಿ ಎತ್ತಿದ್ರ ಮಾತಾಡಬೇಕಾಕ್ಕತಿ." ಅರ್ಧ ಗಂಟೆ ಇದೇ ವಾದ. ಸೂಜಿ ಹಿಡಿದವರಿಗೆ ಮಾತ್ರ ಹೊಳೆಯುವ ಮಾತು ಇವು. ನನಗಂತೂ ಹೊಳೆದಿರಲಿಲ್ಲ.

ಚಿತ್ರ ನೋಡಿ ಮುಗಿದ ಮೇಲೆ ಚಿತ್ರಗಾರ್ತಿಯ ವಿಷಯ ಹೇಳಿದೆ. ಆಕೆ ತನ್ನ ಹೆಸರಿನ ಮೊದಲ ಅಕ್ಷರಗಳ ಜೊತೆ ಒಂದು ನಕ್ಷತ್ರ ಸೇರಿಸಿ ಗುರುತು ಹಾಕುತ್ತಿದ್ದಳು, ಯಾಕಂದ್ರೆ ಅವಳ ಮನೆತನದ ಹೆಸರಿನ ಅರ್ಥವೇ ದಾರಿ ತೋರುವ ನಕ್ಷತ್ರ. 1660ರಲ್ಲಿ ತೀರಿಕೊಂಡ ಮೇಲೆ ಅವಳ ಎಷ್ಟೋ ಚಿತ್ರಗಳು ಅದೇ ಊರಿನ ಫ್ರಾನ್ಸ್ ಹಾಲ್ಸ್ ಎಂಬ ದೊಡ್ಡ ಚಿತ್ರಕಾರನ ಹೆಸರಿನಲ್ಲಿ ಹೋದವು. 1893ರಲ್ಲಿ ಹಾಲ್ಸನದೆಂದು ಮಾರಿದ್ದ ಒಂದು ಚಿತ್ರದ ಮೇಲೆ ಆ ನಕ್ಷತ್ರ ಕಣ್ಣಿಗೆ ಬಿತ್ತು. ನಮ್ಮ ಇರಕಲ್ ಸೀರೆಯ ಮೇಲಿನ ತೇರು, ಗೋಪುರ ಹಾಕಿದವರು ಯಾರು ಅಂತ ಯಾರಾದರೂ ಕೇಳಿದ್ದಾರಾ?

ಒಂದು ಅನುಕೂಲ ಏನೆಂದರೆ, ಈ ಚಿತ್ರ ತೀರಾ ಸಣ್ಣದು, ಎ4 ಹಾಳೆಗಿಂತ ಸ್ವಲ್ಪವೇ ದೊಡ್ಡದು. ಅಂಗಡಿಯಲ್ಲಿ ಕಲರ್ ಝೆರಾಕ್ಸ್ ಮಾಡಿಸಿ ಕೈಗೆ ಕೊಟ್ಟರೆ ಹೆಚ್ಚುಕಡಿಮೆ ಅಸಲಿ ಅಳತೆಯಲ್ಲೇ ನೋಡಿದ ಹಾಗೆ.

ಹಾವೇರಿ ಕಡೆಯ ಶಾಲಾ ಮಾಸ್ತರ

ಅಳತೆಯ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಫ್ರಾನ್ಸಿನ ರೋಸಾ ಬೊನ್ಹರ್ 1852ರಿಂದ 55ರವರೆಗೆ ಮಾಡಿದ ಕುದುರೆ ಸಂತೆಯ ಚಿತ್ರ ಇದೆ. ಈಗ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿದೆ. ಎತ್ತರ ಸುಮಾರು 8 ಅಡಿ, ಅಗಲ 16 ಅಡಿಗೂ ಜಾಸ್ತಿ. ನಾನು ಅದನ್ನು ಫ್ಲೆಕ್ಸ್ ಮಾಡಿಸಿ ಶಾಲೆಯ ಕಂಪೌಂಡಿಗೆ ಕಟ್ಟಿಸಿದ್ದೆ. ಅಸಲಿ ಅಳತೆಗೆ ರೊಕ್ಕ ಸಾಲಲಿಲ್ಲ, ಅರ್ಧ ಅಳತೆ. ಮಕ್ಕಳಿಗಿಂತ ಜಾಸ್ತಿ ನಿಂತು ನೋಡಿದವರು ಊರಿನ ಹೋರಿ ಹಬ್ಬದ ಮಂದಿ.

ಕೊಬ್ಬರಿ ಹೋರಿ ಸಾಕಿದ ಒಬ್ಬರು ಬಹಳ ಹೊತ್ತು ನೋಡಿ, "ಆ ಮುಂಗಾಲ ಎತ್ತಿದ ಕುದುರಿ ಹಗ್ಗ ಹಿಡದವಾ ಈಗ ಜಾರತಾನ ನೋಡ್ರಿ" ಅಂದರು. ಪಕ್ಕದವರು ಇಲ್ಲ, ಹಿಡಿತದಲ್ಲಿದೆ ಅಂದರು. ಇದನ್ನು ತೆಗೆದವಳು ಹೆಣ್ಣುಮಗಳು ಅಂತ ಆಮೇಲೆ ಹೇಳಿದೆ. ಪ್ಯಾರಿಸಿನ ಕುದುರೆ ಸಂತೆಗೆ ಗಂಡಸರ ಉಡುಪಿನಲ್ಲಿ ಹೋಗಿ ನೋಡಿ ನೋಡಿ ಬರೆದುಕೊಂಡಳು, ಪ್ಯಾಂಟು ಹಾಕಲು ಪೊಲೀಸರ ಪರವಾನಗಿ ಪತ್ರ ಬೇಕಿತ್ತು ಅಂತ. ಅವರಿಗೆ ಪ್ಯಾಂಟಿನ ಸುದ್ದಿ ಬೇಕಾಗಿರಲಿಲ್ಲ. "ಒದಿಸಿಕೊಂಡಿರಬೇಕು ಒಂದೆರಡು ಸಲ. ಇಲ್ಲಂದ್ರ ಕಾಲು ಹಿಂಗ ಬರೂದಿಲ್ಲ" ಅಂದರು. ಇದಕ್ಕಿಂತ ದೊಡ್ಡ ಮೆಚ್ಚುಗೆ ನಾನು ಕೇಳಿಲ್ಲ.

ಗದಗ, ನಿವೃತ್ತ ಡ್ರಾಯಿಂಗ್ ಮಾಸ್ತರ

ಮೇಲಿನ ಇಬ್ಬರೂ ಚಿತ್ರ ಮೊದಲು, ಕಥೆ ಆಮೇಲೆ ಅಂದಿದ್ದಾರೆ. ನಾನು ಅದನ್ನು ಪೆಟ್ಟು ತಿಂದು ಕಲಿತೆ.

ಇಟಲಿಯ ಆರ್ಟೆಮೀಸಿಯಾ ಜೆಂಟಿಲೆಸ್ಕಿ ನನಗೆ ಬಹಳ ಇಷ್ಟ. ಒಮ್ಮೆ ತರಗತಿಯಲ್ಲಿ ಅವಳ ಕಥೆಯಿಂದ ಶುರು ಮಾಡಿದೆ. ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಚಿತ್ರಕಾರ ಅವಳ ಮೇಲೆ ಅತ್ಯಾಚಾರ ಮಾಡಿದ್ದು, 1612ರಲ್ಲಿ ರೋಮಿನಲ್ಲಿ ನಡೆದ ವಿಚಾರಣೆ, ನಿಜ ಹೇಳುತ್ತಾಳೋ ಇಲ್ಲವೋ ಅಂತ ಬೆರಳುಗಳಿಗೆ ಹುರಿ ಸುತ್ತಿ ಬಿಗಿದದ್ದು. ಮಕ್ಕಳು ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ಚಿತ್ರ ತೋರಿಸಿದರೆ ಯಾರಿಗೂ ಚಿತ್ರ ಕಾಣಲಿಲ್ಲ. "ಪಾಪ" ಅಂದರು. ಸೇಡಿನ ಚಿತ್ರ ಅಂತ ಬರೆದುಕೊಂಡರು. ಅಂಥ ಚಿತ್ರಕ್ಕೆ "ಪಾಪ" ಅನ್ನಿಸಿದ್ದು ನನ್ನ ತಪ್ಪು.

ಮುಂದಿನ ವರ್ಷ ಬಾಯಿ ಮುಚ್ಚಿಕೊಂಡು ಚಿತ್ರ ಮಾತ್ರ ಇಟ್ಟೆ. ಜೂಡಿತ್ ಎಂಬ ವಿಧವೆ ತನ್ನ ಊರಿಗೆ ಮುತ್ತಿಗೆ ಹಾಕಿದ ಸೇನಾಪತಿಯ ತಲೆ ಕತ್ತರಿಸುವುದು. ಅವರ ಊರಿನ ಒನಕೆ ಓಬವ್ವ ಅನ್ನಿ. ಫ್ಲಾರೆನ್ಸಿನಲ್ಲಿರುವ 1620ರ ಸುಮಾರಿನ ಚಿತ್ರ. ಅದರ ಪಕ್ಕ ಇಟಲಿಯವನೇ ಆದ ಕರವಾಜ್ಜೋ ಎಂಬ ಚಿತ್ರಕಾರ ಅದೇ ಪ್ರಸಂಗವನ್ನು ಇಪ್ಪತ್ತು ವರ್ಷ ಮೊದಲು ತೆಗೆದದ್ದನ್ನೂ ಇಟ್ಟೆ. ವ್ಯತ್ಯಾಸ ಹೇಳಿ ಅಂದೆ. ಕರವಾಜ್ಜೋನ ಜೂಡಿತ್ ದೂರ ನಿಂತು, ಹೇಸಿಕೊಂಡವಳ ಹಾಗೆ ಮುಖ ಗಂಟಿಕ್ಕಿದ್ದಾಳೆ. ಮುದುಕಿ ದಾಸಿ ಬಟ್ಟೆ ಹಿಡಿದು ಸುಮ್ನೆ ಕಾಯುತ್ತಿದ್ದಾಳೆ. ಆರ್ಟೆಮೀಸಿಯಾಳ ದಾಸಿ ಹರೆಯದವಳು, ಮೈಭಾರ ಹಾಕಿ ಅವನನ್ನು ಒತ್ತಿ ಹಿಡಿದಿದ್ದಾಳೆ. ಜೂಡಿತ್ ತೋಳು ಮೇಲೇರಿಸಿಕೊಂಡಿದ್ದಾಳೆ. ಹಿಂದಿನ ಬೆಂಚಿನ ಹುಡುಗಿ, "ಸರ್, ಇದು ರೊಟ್ಟಿ ಬಡದ ತೋಳು" ಅಂದಳು. ಇಡೀ ತರಗತಿ ನಕ್ಕಿತು, ಆದರೆ ಅವಳು ಹೇಳಿದ್ದೇ ಸರಿ. ಆ ತೋಳಿಗೆ ಕೆಲಸ ಗೊತ್ತು. ಕತ್ತರಿಸುವುದೂ ಒಂದು ಕೆಲಸ, ಇಬ್ಬರು ಸೇರಿದರೆ ಆಗುತ್ತದೆ.

ಇನ್ನೊಂದು ಮಾತು. ಎಲ್ಲವೂ ಆ ಪ್ರಕರಣದಿಂದಲೇ ಬಂತು ಅನ್ನುವವರಿಗೆ ಅವಳ ಸುಸಾನ್ನಾ ಚಿತ್ರ ತೋರಿಸಿ. ಸ್ನಾನಕ್ಕೆ ಕೂತ ಹೆಣ್ಣನ್ನು ಗೋಡೆಯ ಮೇಲಿನಿಂದ ಇಬ್ಬರು ಗಂಡಸರು ಬಾಗಿ ಕಾಡುತ್ತಿದ್ದಾರೆ. ಅವಳ ಇಡೀ ಮೈ ಹಿಂಡಿಕೊಂಡು ಪಕ್ಕಕ್ಕೆ ತಿರುಗಿದೆ. ಅದರ ಮೇಲಿನ ಇಸವಿ 1610. ವಿಚಾರಣೆಗಿಂತ ಎರಡು ವರ್ಷ ಹಿಂದಿನದು. ಅವಳಿಗೆ ಆಗ 17 ವರ್ಷ.

ಲಕ್ಷ್ಮೇಶ್ವರದಿಂದ, ಗೃಹಿಣಿ

ನನ್ನದು ಚಿಕ್ಕದು. ಕ್ಲಾರಾ ಪೇಟರ್ಸ್, 1615ರ ಸುಮಾರು. ಚೀಸು, ಬಾದಾಮಿ ಇಟ್ಟ ಮೇಜು. ಅದರ ತುದಿಯಲ್ಲಿ ಮದುವೆಯಲ್ಲಿ ಉಡುಗೊರೆ ಕೊಡುವಂಥ ಬೆಳ್ಳಿ ಚಾಕು, ಅದರ ಮೇಲೆ ಕೆತ್ತಿದ ಹಾಗೆ ಚಿತ್ರಗಾರ್ತಿಯದೇ ಹೆಸರು! ನಮ್ಮ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸುವುದಿಲ್ಲವಾ, ಥೇಟ್ ಹಾಗೆ. ಹಿಂದಿನ ಹೂಜಿಯ ಲೋಹದ ಮುಚ್ಚಳದಲ್ಲಿ ಆಕೆಯ ಮುಖದ ನೆರಳೂ ಇದೆ. ಹೇಳದೆ ಹುಡುಕಲು ಬಿಡಿ. ಮಕ್ಕಳಿದ್ದರೆ ಮೊದಲು ಅವರೇ ಹುಡುಕುತ್ತಾರೆ.

ಹುಬ್ಬಳ್ಳಿ, ಕಾಲೇಜು ವಿದ್ಯಾರ್ಥಿನಿ

ಎಲ್ಲ ಯುರೋಪೇ ಆಯ್ತಲ್ಲ? ನಮ್ಮ ಭಾರತದ ಅಮೃತಾ ಶೇರ್‌ಗಿಲ್ ಎಲ್ಲಿ? 1935ರ 'ಮೂವರು ಹುಡುಗಿಯರು' ಇಡಿ ಆಂಟಿ. ಮೂವರೂ ಕಣ್ಣು ಕೆಳಗೆ ಹಾಕಿ ಕೂತಿದ್ದಾರೆ. ಒಬ್ಬಳೂ ನಮ್ಮನ್ನು ನೋಡುವುದಿಲ್ಲ, ಒಬ್ಬರನ್ನೊಬ್ಬರೂ ನೋಡುವುದಿಲ್ಲ. ನನಗೆ ನಮ್ಮ ಚಿಕ್ಕಮ್ಮನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನೆನಪಾಯಿತು. ಚೌಚೌ ಭಾತ್ ಆರುತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಶೇರ್‌ಗಿಲ್ ಸತ್ತಾಗ ಬರೀ 28 ವರ್ಷ. ಮೆಕ್ಸಿಕೋದ ಚಿತ್ರಗಾರ್ತಿ ಫ್ರಿಡಾ ಕಾಹ್ಲೋ ಮಾತ್ರ ನನಗೆ ಹತ್ತಿರ ಆಗಲೇ ಇಲ್ಲ. ತಪ್ಪು ಅವಳದಲ್ಲ, ಅವಳ ಮುಖವನ್ನು ಚೀಲದ ಮೇಲೆ, ಚಹಾ ಕಪ್ಪಿನ ಮೇಲೆ ನೋಡಿ ನೋಡಿ ಸಾಕಾಗಿದೆ.

ಧಾರವಾಡದಿಂದ, ಇನ್ನೊಬ್ಬರು

ಬೆರ್ತ್ ಮೊರಿಸೊ, 'ತೊಟ್ಟಿಲು', 1872. ತಾಯಿ ಕೆನ್ನೆಗೆ ಕೈ ಇಟ್ಟು ಮಲಗಿದ ಕೂಸನ್ನು ನೋಡುತ್ತಿದ್ದಾಳೆ. ನೋಡಿದವರೆಲ್ಲ "ತಾಯಿ ಪ್ರೀತಿ" ಅನ್ನುತ್ತಾರೆ, ನಾನೂ ಅಂದಿದ್ದೆ. ಆ ತಾಯಿ ಬೆರ್ತ್‌ಳ ಅಕ್ಕ ಎಡ್ಮಾ. ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ಚಿತ್ರ ಕಲಿತವರು, 1864ರಲ್ಲಿ ಇಬ್ಬರ ಚಿತ್ರಗಳೂ ಪ್ಯಾರಿಸಿನ ದೊಡ್ಡ ಪ್ರದರ್ಶನದಲ್ಲಿದ್ದವು. 1869ರಲ್ಲಿ ಎಡ್ಮಾಳ ಮದುವೆ ಆಯಿತು. ಅವಳು ಚಿತ್ರ ಬಿಟ್ಟಳು. ತಂಗಿ ಬಿಡಲಿಲ್ಲ.

ನನ್ನ ಅಕ್ಕನೂ ಚಿತ್ರಕಲೆ ಡಿಪ್ಲೊಮಾ ಮಾಡಿದವಳು. ಈಗ ವರ್ಷಕ್ಕೊಮ್ಮೆ ಶೀಗಿ ಹುಣ್ಣಿಮೆಗೆ ಚರಗದ ಬುಟ್ಟಿಗೆ ಬಣ್ಣ ಹಚ್ಚುತ್ತಾಳೆ, ಅಷ್ಟೇ. ಅವಳಿಗೆ ಈ ಚಿತ್ರ ಕಳಿಸಿದೆ, ಕಥೆ ಹೇಳಲಿಲ್ಲ. ರಾತ್ರಿ ಉತ್ತರ ಬಂತು: "ತೊಟ್ಟಿಲ ಪರದೆಯ ಬಿಳಿ ಎಷ್ಟು ತೆಳ್ಳಗೆ ಹಚ್ಚಿದ್ದಾಳೆ ನೋಡು. ಕೆಳಗಿನ ಬಣ್ಣ ಒಣಗಿರಬೇಕು, ಇಲ್ಲಾಂದ್ರೆ ಕೆಸರಾಗುತ್ತದೆ." ಕೂಸಿನ ಬಗ್ಗೆ ಒಂದು ಅಕ್ಷರ ಇಲ್ಲ. ಕಥೆಯನ್ನು ನಾನು ಇನ್ನೂ ಹೇಳಿಲ್ಲ.

ಕೇಳಿದವರು, ಹುಬ್ಬಳ್ಳಿ

ಎಲ್ಲರಿಗೂ ಶರಣು. ನಾಲ್ಕಲ್ಲ, ಐದು ಆಯಿತು. ಹೊಲಿಗೆಯವಳು ಝೆರಾಕ್ಸ್, ಎಲ್ಲರ ಕೈಗೂ. ಕುದುರೆ, ಶೇರ್‌ಗಿಲ್, ತೊಟ್ಟಿಲು, ಚಾಕು ದೊಡ್ಡದಾಗಿ. ರೊಟ್ಟಿ ತೋಳಿನವಳನ್ನು ಈ ಸಲ ಬಿಟ್ಟಿದ್ದೇನೆ ಮಾಸ್ತರ, ಸಿಟ್ಟಾಗಬೇಡಿ. ಊಟ ಆದ ಕೂಡಲೇ ಅಷ್ಟು ರಕ್ತ ಅಂದರೆ ನಮ್ಮ ಅತ್ತೆ ಎದ್ದು ಹೋಗುತ್ತಾರೆ. ಮಗನ ಆಫೀಸಿನಿಂದ ಪ್ರೊಜೆಕ್ಟರ್ ಸಿಗುತ್ತದೆ. ಪರದೆ ಇಲ್ಲ. ಬಿಳಿ ಧೋತರ ಕಟ್ಟಿದರೆ ನಡೆಯುತ್ತದಾ?

ಹಾವೇರಿ ಕಡೆಯ ಶಾಲಾ ಮಾಸ್ತರ

ಧೋತರ ಬೇಡ ಅಕ್ಕಾರೇ, ಫ್ಯಾನಿನ ಗಾಳಿಗೆ ಕುದುರೆಗಳೆಲ್ಲ ಕುಂಟುತ್ತವೆ. ಗೋಡೆಯ ಕ್ಯಾಲೆಂಡರ್ ತೆಗೆದು ಅಲ್ಲಿಗೇ ಬಿಡಿ. ಗದಗಿನ ಮಾಸ್ತರರ ಚಿತ್ರವನ್ನು ಊಟಕ್ಕೆ ಮೊದಲು ಹಾಕಿ.