ಅಪ್ಪನ ಜೊತೆ ನೋಡಲು ಒಂದು ಥ್ರಿಲ್ಲರ್ ಹೇಳಿ

ಅಪ್ಪನಿಗೆ ಎಪ್ಪತ್ತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದಿ ಬೆಳೆದವರು. ‘ಈಗಿನ ಕನ್ನಡ ಸಿನಿಮಾದಲ್ಲಿ ಸಸ್ಪೆನ್ಸ್ ಎಲ್ಲಿದೆ, ಬರೀ ಮಚ್ಚು’ ಎಂಬುದು ಅವರ ತಕರಾರು. ಏನೇ ಹಾಕಿದರೂ ಅರ್ಧ ಗಂಟೆಯೊಳಗೆ ಕೊಲೆಗಾರನ ಹೆಸರು ಹೇಳಿಬಿಡುತ್ತಾರೆ. ಈಚಿನ ವರ್ಷಗಳದ್ದು ಯಾವುದನ್ನು ತೋರಿಸಲಿ? ನೀವು ನೋಡಿದ್ದನ್ನು ಹೇಳಿ.

*

‘ಕವಲುದಾರಿ’ (2019). ಅನಂತನಾಗ್ ಇದ್ದಾರೆ, ಹಾಗಾಗಿ ನಿಮ್ಮ ತಂದೆ ಕುರ್ಚಿ ಬಿಟ್ಟು ಏಳುವುದಿಲ್ಲ. ಮೆಟ್ರೊ ಕಾಮಗಾರಿಯ ನೆಲದಲ್ಲಿ ಅಸ್ಥಿಪಂಜರಗಳು ಸಿಗುತ್ತವೆ. ಕೆದಕಲು ಹೊರಡುವವನು ಟ್ರಾಫಿಕ್ ಪೊಲೀಸ್, ಆ ತನಿಖೆ ಅವನ ಕೆಲಸವೇ ಅಲ್ಲ. ನನಗೆ ಹಿಡಿಸಿದ್ದು ಇದೇ: ಕೇಳುವ ಹಕ್ಕಿಲ್ಲದವನು ಒಂದೊಂದು ಬಾಗಿಲನ್ನೂ ಸಂಕೋಚದಿಂದ ತಟ್ಟಬೇಕು. ಕೊನೆಯಲ್ಲಿ ವಿವರಣೆ ತುಸು ಜಾಸ್ತಿ, ಸಹಿಸಿಕೊಳ್ಳಿ.

*

ನನ್ನ ಮತ ‘ಶಾಖಾಹಾರಿ’ಗೆ (2024). ಮಲೆನಾಡಿನ ಸಣ್ಣ ಸಸ್ಯಾಹಾರಿ ಹೋಟೆಲು, ರಂಗಾಯಣ ರಘು ಅಲ್ಲಿನ ಸುಬ್ಬಣ್ಣ. ಪೊಲೀಸರಿಂದ ತಪ್ಪಿಸಿಕೊಂಡ ಆರೋಪಿಯೊಬ್ಬ ಅಲ್ಲಿಗೆ ಬಂದು ಸೇರುತ್ತಾನೆ. ಮುಂದಿನದನ್ನು ಹೇಳುವುದಿಲ್ಲ. ‘ಯಾರು ಮಾಡಿದರು’ ಎಂಬುದಕ್ಕಿಂತ ‘ಈ ಸಾಧು ಮನುಷ್ಯ ಇನ್ನೆಷ್ಟು ದೂರ ಹೋದಾನು’ ಎಂಬ ಅಂಜಿಕೆಯೇ ಇಲ್ಲಿ ಕೂರಿಸುತ್ತದೆ, ಆದ್ದರಿಂದ ನಿಮ್ಮ ತಂದೆಯ ಅರ್ಧ ಗಂಟೆಯ ಲೆಕ್ಕ ನಡೆಯುವುದಿಲ್ಲ. ನಮ್ಮಮ್ಮ ಅರ್ಧದಲ್ಲೇ ತಟ್ಟೆ ಪಕ್ಕಕ್ಕಿಟ್ಟರು. ಎರಡು ದಿನ ಮನೆಯಲ್ಲಿ ಪಲ್ಯದ ಮಾತೆತ್ತಲಿಲ್ಲ. ಊಟದ ಹೊತ್ತಿಗೆ ಮಾತ್ರ ಹಾಕಬೇಡಿ.

*

‘ವಿಕ್ರಾಂತ್ ರೋಣ’ (2022) ಬೇಡ. ಕಾಡು, ಮಳೆ, ಕತ್ತಲೆ ಎಲ್ಲವೂ ಕಣ್ಣಿಗೆ ಹಬ್ಬ, ಆದರೆ ಕಥೆ ಆ ಕತ್ತಲೆಯಲ್ಲಿ ತಡವರಿಸುತ್ತದೆ. ಅದೇ ನಿರ್ದೇಶಕ ಅನೂಪ್ ಭಂಡಾರಿಯವರ ‘ರಂಗಿತರಂಗ’ (2015) ಕಡಿಮೆ ಖರ್ಚಿನಲ್ಲಿ ಹೆಚ್ಚು ಹೆದರಿಸಿತ್ತು. ‘ಬ್ಲಿಂಕ್’ (2024) ಒಳ್ಳೆಯ ಪ್ರಯತ್ನ, ಆದರೆ ಕಾಲದಲ್ಲಿ ಹಿಂದೆ ಮುಂದೆ ಓಡಾಡುವಾಗ ಪಕ್ಕದಲ್ಲಿ ಕಾಗದ, ಪೆನ್ನು ಬೇಕು.

*

‘ಯು ಟರ್ನ್’ (2016) ಯಾರೂ ಹೇಳಲಿಲ್ಲವೇ? ಫ್ಲೈಓವರಿನಲ್ಲಿ ಬೈಕಿನವರು ವಿಭಜಕದ ಕಲ್ಲು ಸರಿಸಿ ತಿರುಗಿಕೊಳ್ಳುವುದು, ಅಷ್ಟೇ ಬೀಜ. ನೋಡಿದ ಮೇಲೆ ನಾನು ಅರ್ಧ ಕಿಲೋಮೀಟರ್ ಸುತ್ತಿಕೊಂಡೇ ಹೋಗುತ್ತಿದ್ದೇನೆ. ಪತ್ತೇದಾರಿ ಓದಿದವರಿಗೆ ಉತ್ತರಾರ್ಧದ ತಿರುವು ಮೋಸ ಎನಿಸಬಹುದು, ಎಚ್ಚರ.

*

ಕೇಳಿದವನೇ ಬರೆಯುತ್ತಿದ್ದೇನೆ. ಶನಿವಾರ ‘ಕವಲುದಾರಿ’ ಹಾಕಿದೆ. ಅರ್ಧ ಗಂಟೆಗೆ ಸರಿಯಾಗಿ ಅಪ್ಪ ಒಂದು ಹೆಸರು ಹೇಳಿದರು. ತಪ್ಪಾಗಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ, ‘ನಾನು ಹೇಳಿದವನೇ ಮಾಡಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತು’ ಎಂದರು. ಇವತ್ತು ರಾತ್ರಿ ‘ಶಾಖಾಹಾರಿ’, ಊಟವಾದ ಮೇಲೆ.